ಹರಿಹರದ ಹಳೇ ಲೇತ್ ಮನೆಗೆ ತರ್ತಾ ಇದೀನಿ: ಬೆಡ್ ಗ್ರೈಂಡಿಂಗ್ ಮಾಡಿಸ್ಬೇಕಾ, ಬೇಡ್ವಾ?

ಯೆಜ್ಡಿ_ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಎರಡು ಹಳೇ ಯೆಜ್ಡಿ ಬೈಕ್ ಇವೆ. ಬುಷ್, ಸ್ಪೇಸರ್, ಆಕ್ಸಲ್ ಅಂತ ಪ್ರತಿ ಸಲ ಲೇತ್ (ಲೋಹ ತಿರುಗಿಸಿ ಕೊರೆಯೋ ಮಷಿನ್) ಅಂಗಡಿಗೆ ಹೋಗಿ ಕಾಯೋದು ಸಾಕಾಗಿದೆ. ಚಿಕ್ಕ ಕೆಲಸ ಅಂದ್ರೆ ಅವರಿಗೂ ಬೇಜಾರು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬರು ಅಂಗಡಿ ಮುಚ್ತಾ ಇದ್ದಾರೆ. ಅವರ ಹತ್ರ ಹಳೇ ಮೈಸೂರು ಕಿರ್ಲೋಸ್ಕರ್ ಲೇತ್ ಇದೆ. ಸೆಂಟರ್ ಹೈಟ್ (ಬೆಡ್ಡಿಂದ ಸ್ಪಿಂಡಲ್ ಮಧ್ಯದವರೆಗಿನ ಎತ್ತರ) 165 ಎಂಎಂ, ಸೆಂಟರ್‌ಗಳ ನಡುವೆ 800 ಆಸುಪಾಸು. ಗೇರ್ ಹೆಡ್, ಸ್ಪಿಂಡಲ್ (ಚಕ್ ತಿರುಗಿಸೋ ಶಾಫ್ಟ್) ಮೂತಿಗೆ ಥ್ರೆಡ್, ಲೀಡ್ ಸ್ಕ್ರೂ (ಥ್ರೆಡ್ ಹಾಕುವಾಗ ಟೂಲ್ ಎಳೆಯೋ ಉದ್ದ ಸ್ಕ್ರೂ) ಇಂಚಿಂದು. 2 ಎಚ್‌ಪಿ ತ್ರೀ ಫೇಸ್ ಮೋಟರ್. ಜಾಬ್ ಹಿಡಿಯೋಕೆ ಮೂರು ಜಾ ಚಕ್, ನಾಲ್ಕು ಜಾ ಚಕ್, ಫೇಸ್ ಪ್ಲೇಟ್ ಕೊಡ್ತಾರಂತೆ. ಕೇಳ್ತಿರೋದು 95 ಸಾವಿರ.

ಚಕ್ ಹತ್ರ ಬೆಡ್ (ಟೂಲ್ ಓಡೋ ಹಳಿಗಳಿರೋ ಉದ್ದ ತಳ) ಮೇಲೆ ಉಗುರು ಎಳೆದ್ರೆ ಸಣ್ಣ ಮೆಟ್ಟಿಲು ಸಿಗುತ್ತೆ. ಬೆಂಗಳೂರಲ್ಲಿ ಒಬ್ಬರನ್ನ ಕೇಳಿದೆ. "ಬೆಡ್ ಗ್ರೈಂಡಿಂಗ್ ಇಲ್ದೆ ಅದು ಗುಜರಿ" ಅಂದ್ರು. ಗ್ರೈಂಡಿಂಗ್, ಅಂದ್ರೆ ಸವೆದ ಹಳಿ ಉಜ್ಜಿ ಸಮ ಮಾಡಿಸೋದು, ಅದರ ಖರ್ಚು ಸೇರಿಸಿದ್ರೆ ಬಜೆಟ್ ಮೀರುತ್ತೆ. ತಗೋಬಹುದಾ? ಮನೇಲಿ ಸಿಂಗಲ್ ಫೇಸ್ ಮಾತ್ರ ಇದೆ ಅನ್ನೋದೂ ಗಮನದಲ್ಲಿರಲಿ.

ಹರಿಹರದ_ಟರ್ನರ್

ಮೈಸೂರು ಕಿರ್ಲೋಸ್ಕರ್ ಅಂದ ತಕ್ಷಣ ಓದೋಕೆ ಕೂತೆ. 1941ರಲ್ಲಿ ಶುರುವಾದ ಕಂಪನಿ, ನಮ್ಮೂರು ಹರಿಹರದ ಯಂತ್ರಾಪುರದಲ್ಲಿ. ಬೆಂಗಳೂರಿಗೆ ಎಚ್‌ಎಂಟಿ ಬಂದಿದ್ದು 1953ರಲ್ಲಿ, ಸ್ವಿಸ್ಸಿನ ಓರ್ಲಿಕಾನ್ ಜೊತೆ ಸೇರಿ. ಅದಕ್ಕಿಂತ ಮೊದಲೇ ಹರಿಹರದಲ್ಲಿ ಲೇತ್ ಎರಕ ಆಗ್ತಿತ್ತು. ಈಗ ಫ್ಯಾಕ್ಟರಿ ಇಲ್ಲ, ಅದಕ್ಕೇ ಬಿಡಿ ಭಾಗಗಳ ಬಗ್ಗೆ ಮೊದಲು ಯೋಚಿಸಿ. ಬೆಡ್ ಆಮೇಲೆ.

ನೋಡೋಕೆ ಹೋದಾಗ ಡಯಲ್ ಗೇಜು, ಮ್ಯಾಗ್ನೆಟಿಕ್ ಸ್ಟ್ಯಾಂಡು ಜೇಬಲ್ಲಿರಲಿ. ಪೇಂಟ್ ನೋಡಬೇಡಿ. ಮಾರೋ ಮೊದಲು ಪೇಂಟ್ ಹೊಡೆದಿದ್ರೆ ಇನ್ನೂ ಹುಷಾರಾಗಿರಿ. ಮೊದಲು ಸ್ಪಿಂಡಲ್. ಚಕ್ ಬಿಚ್ಚಿಸಿ, ಸ್ಪಿಂಡಲ್ ಒಳಗಿನ ಟೇಪರಲ್ಲಿ ಡಯಲ್ ಇಟ್ಟು ಕೈಯಲ್ಲಿ ತಿರುಗಿಸಿ. ಆಮೇಲೆ ಸ್ಪಿಂಡಲ್ ರಂಧ್ರದೊಳಗೆ ಒಂದು ಮರದ ಕೋಲು ಹಾಕಿ ಮೇಲಕ್ಕೆ ಎತ್ತಿ, ಕೆಳಕ್ಕೆ ಒತ್ತಿ. ಮುಳ್ಳು ಎಷ್ಟು ಓಡುತ್ತೆ ನೋಡಿ. 20 ಮೈಕ್ರಾನ್ (0.02 ಎಂಎಂ) ಒಳಗಿದ್ರೆ ಬೇರಿಂಗ್ ಟೈಟ್ ಮಾಡ್ಕೊಂಡು ಬದುಕಬಹುದು.

ಮಷಿನ್ ಓಡಿಸಿ, ಎಲ್ಲಾ ಸ್ಪೀಡಿಗೂ ಹಾಕಿಸಿ. ಯಾವುದೋ ಒಂದು ಸ್ಪೀಡಲ್ಲಿ ಮಾತ್ರ ಟಕ್ ಟಕ್ ಅಂದ್ರೆ ಆ ಗೇರಿನ ಹಲ್ಲು ಹೋಗಿದೆ ಅಂತ ಲೆಕ್ಕ. ಮೇಲಿನ ಮುಚ್ಚಳ ತೆಗೆಸಿ ಟಾರ್ಚ್ ಹಾಕಿ. ಎಣ್ಣೆಯಲ್ಲಿ ಹಿತ್ತಾಳೆ ಬಣ್ಣದ ಮಿನುಗು ಇದ್ಯಾ ನೋಡಿ.

ಹಾಫ್ ನಟ್ (ಲೀಡ್ ಸ್ಕ್ರೂ ಹಿಡಿಯೋ ನಟ್) ಹಾಕಿ, ಕ್ಯಾರೇಜ್ (ಟೂಲ್ ಹೊತ್ತು ಓಡೋ ಭಾಗ) ಕೈಯಲ್ಲಿ ಹಿಂದೆ ಮುಂದೆ ಅಲುಗಾಡಿಸಿ. ಎಷ್ಟು ಆಡುತ್ತೆ ಅನ್ನೋದರಲ್ಲೇ ಹಾಫ್ ನಟ್ ಸವೆತ ಗೊತ್ತಾಗುತ್ತೆ. ಕ್ರಾಸ್ ಸ್ಲೈಡ್ (ಟೂಲ್ ಅಡ್ಡಕ್ಕೆ ಸರಿಸೋದು) ಹ್ಯಾಂಡಲ್ ಕಾಲು ಸುತ್ತು ಸುಮ್ನೆ ತಿರುಗಿದ್ರೆ ಗಾಬರಿ ಬೇಡ. ಅದರ ಗನ್‌ಮೆಟಲ್ ನಟ್ ಹೊಸದು ಮಾಡಿಸೋದು ದೊಡ್ಡ ಕೆಲಸವಲ್ಲ.

ಇನ್ನೊಂದು, ಚೇಂಜ್ ಗೇರ್ (ಥ್ರೆಡ್ ಅಳತೆಗೆ ತಕ್ಕಂತೆ ಬದಲಾಯಿಸೋ ಗೇರ್) ಪೆಟ್ಟಿಗೆ ಎಲ್ಲಿ ಅಂತ ಕೇಳಿ. ಸ್ಟೆಡಿ (ಉದ್ದ ಜಾಬ್ ಬಾಗದ ಹಾಗೆ ಆಧಾರ ಕೊಡೋದು) ಎಲ್ಲಿ ಅಂತ ಕೇಳಿ. ಅಂಗಡಿಯ ಮೂಲೇಲಿ, ಚಿಪ್ಸ್ ಗುಡ್ಡೆ ಅಡಿಯಲ್ಲಿ ಬಿದ್ದಿರ್ತವೆ. ದುಡ್ಡು ಕೊಡೋ ಮುಂಚೆ ಹುಡುಕಿಸಿ. ಕೊಟ್ಟ ಮೇಲೆ ಯಾರೂ ಹುಡುಕಲ್ಲ.

ಉದ್ಯಮಬಾಗ್

ನಾನು ಬೆಳಗಾವಿಯಲ್ಲಿ ಮಷಿನ್ ರೀಕಂಡೀಷನಿಂಗ್ ಮಾಡ್ತೀನಿ. ನನ್ನ ಮಾತು ಕೇಳ್ರಿ ಸರ, ಬೆಡ್ ಗ್ರೈಂಡ್ ಮಾಡಿಸ್ರಿ. ಉಗುರಿಗೆ ಸಿಗೋ ಮೆಟ್ಟಿಲು ಅಂದ್ರೆ ಸವೆದೈತಿ ಅಂತನ ಅರ್ಥ. ಮತ್ತ ಮುಂದ ಜಾಬಿಗೆ ಟೇಪರ್ (ಒಂದು ತುದಿ ದಪ್ಪ, ಒಂದು ತುದಿ ಸಣ್ಣ) ಬರ್ತೈತಿ ಅಂತ ಅಳಬಾರ್ದು.

ಆದ್ರ ಒಂದು ನೆನಪಿಡ್ರಿ. ಗ್ರೈಂಡ್ ಅಂದ್ರ ಬರೇ ಬೆಡ್ ಕೆಲಸ ಅಲ್ಲ. ಬೆಡ್ ಎಷ್ಟು ಹೋಗ್ತೈತೋ ಅಷ್ಟು ಸ್ಯಾಡಲ್ (ಕ್ಯಾರೇಜಿನ ತಳ) ಕೆಳಗಿಳಿತೈತಿ. ಏಪ್ರನ್ (ಅದರ ಮುಂದಿನ ಪೆಟ್ಟಿಗಿ) ಇಳಿತೈತಿ, ಲೀಡ್ ಸ್ಕ್ರೂ ಜೊತಿಗೆ ಲೈನ್ ತಪ್ತೈತಿ. ಅದಕ್ಕ ಸ್ಯಾಡಲ್ ಕೆಳಗೆ ಟರ್ಸೈಟ್ (ಜಾರೋ ಪ್ಲಾಸ್ಟಿಕ್) ಪಟ್ಟಿ ಅಂಟಿಸಿ, ಸ್ಕ್ರೇಪ್ ಮಾಡಿ, ಮತ್ತ ಮೇಲಕ್ಕ ತರಬೇಕು. ಟೇಲ್‌ಸ್ಟಾಕಿಗೂ (ಜಾಬಿನ ಇನ್ನೊಂದು ತುದಿ ಹಿಡಿಯೋದು) ಅದೇ ಕಥೆ. ಅಷ್ಟೂ ಮಾಡಿದ್ರ ಹೊಸದರಂಗ ಆಗ್ತೈತಿ. ಅರ್ಧ ಮಾಡಿದ್ರ ಮೊದಲಿಗಿಂತ ಕೆಡ್ತೈತಿ.

ಹರಿಹರದ_ಟರ್ನರ್

@ಉದ್ಯಮಬಾಗ್ ನೀವು ಹೇಳಿದ ಕೊನೇ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ ಅಣ್ಣಾ. ಆದ್ರೆ ಇವರು ಯೆಜ್ಡಿ ಬುಷ್ ಮಾಡೋರು, ರೋಲಿಂಗ್ ಮಿಲ್ಲಿನ ಶಾಫ್ಟ್ ಅಲ್ಲ. ಅಳೆಯೋ ಮೊದಲೇ ಗ್ರೈಂಡಿಂಗ್ ಅಂತ ಯಾಕೆ ಹೇಳ್ಬೇಕು? ಲೆಕ್ಕ ಹಾಕೋಣ.

ಬೆಡ್ ಸವೆದು ಟೂಲ್ ನೇರ ಕೆಳಗೆ ಇಳಿದ್ರೆ ಏನಾಗುತ್ತೆ? 50 ಎಂಎಂ ಜಾಬ್, ಟೂಲ್ 0.1 ಎಂಎಂ ಕೆಳಗಿದೆ ಅನ್ನಿ. ತ್ರಿಜ್ಯ 25. 25ರ ವರ್ಗಕ್ಕೆ 0.1ರ ವರ್ಗ ಸೇರಿಸಿ ವರ್ಗಮೂಲ ತೆಗೆದ್ರೆ 25.0002. ಡಯಾದಲ್ಲಿ ವ್ಯತ್ಯಾಸ ಅರ್ಧ ಮೈಕ್ರಾನೂ ಇಲ್ಲ. ಮೈಕ್ರೋಮೀಟರಿಗೂ ಕಾಣಲ್ಲ.

ತೊಂದರೆ ಕೊಡೋದು ಓರೆಯಾಗೋದು. ಮುಂದಿನ ವಿ ಆಕಾರದ ಹಳಿ, ಅಂದ್ರೆ ನಾವು ನಿಂತಿರೋ ಕಡೆಯದು, ಹಿಂದಿನದಕ್ಕಿಂತ ಜಾಸ್ತಿ ಸವೆಯುತ್ತೆ. ಸ್ಯಾಡಲ್ ನಮ್ಮ ಕಡೆಗೆ ವಾಲುತ್ತೆ, ಟೂಲ್ ಜಾಬಿಂದ ಹಿಂದೆ ಸರಿಯುತ್ತೆ. ಅದಕ್ಕೆ ಲೆಕ್ಕ ಇಷ್ಟೇ: ಮುಂದಿನ ಹಳಿ ಹಿಂದಿನದಕ್ಕಿಂತ ಎಷ್ಟು ಜಾಸ್ತಿ ಸವೆದಿದೆ, ಅದನ್ನ ಸೆಂಟರ್ ಹೈಟಿಂದ ಗುಣಿಸಿ, ಎರಡು ಹಳಿ ನಡುವಿನ ಅಂತರದಿಂದ ಭಾಗಿಸಿ. ಬಂದಿದ್ದರ ಎರಡರಷ್ಟು ಡಯಾದಲ್ಲಿ ಕಾಣುತ್ತೆ. ಸರ್, ನೀವು ಹೋಗಿ ಅಳೆದು ಬನ್ನಿ. ಟೇಲ್‌ಸ್ಟಾಕ್ ಓಡೋ ಒಳಗಿನ ಹಳಿ ಚಕ್ ಹತ್ರ ಸವೆದಿರಲ್ಲ, ಅಲ್ಲಿವರೆಗೆ ಅದು ಹೋಗೋದೇ ಅಪರೂಪ. ಅದರ ಮೇಲೆ ಡಯಲ್ ಸ್ಟ್ಯಾಂಡ್ ಇಟ್ಟು ಹೊರಗಿನ ಎರಡೂ ಹಳಿ ಉದ್ದಕ್ಕೂ ನೋಡಿ.

ಕಡಲತೀರ

ಓದ್ತಾ ಇದ್ದೇನೆ ಮಾರಾಯ್ರೆ, ನಿಲ್ಲಿಸಬೇಡಿ. ನನ್ನದೊಂದು ಪಂಜಾಬಿನ ಬಟಾಲಾ ಲೇತ್ ಮಂಗಳೂರಿನ ಉಪ್ಪು ಗಾಳಿಯಲ್ಲಿ ಕೂತಿದೆ.

ಯೆಜ್ಡಿ_ಮೈಸೂರು

ಹೋಗಿ ಬಂದೆ. ಸ್ಪಿಂಡಲ್ ಟೇಪರಲ್ಲಿ ಓಟ 10 ಮೈಕ್ರಾನ್ ಒಳಗೆ. ಕೋಲು ಹಾಕಿ ಎತ್ತಿದ್ರೆ 15. ಗೇರ್ ಎಲ್ಲಾ ಸರಿ ಇವೆ. ಮುಂದಿನ ಹಳಿ ಚಕ್ ಹತ್ರ ಹಿಂದಿನದಕ್ಕಿಂತ 0.06 ಜಾಸ್ತಿ ಸವೆದಿದೆ. ಚಕ್ಕಿಂದ ಸುಮಾರು 300 ಎಂಎಂ ದೂರ ಹೋಗೋ ಹೊತ್ತಿಗೆ ಎರಡೂ ಸಮ. ಹಳಿಗಳ ನಡುವೆ 240 ಎಂಎಂ. ಟೇಲ್‌ಸ್ಟಾಕ್ ಸೆಂಟರ್ 0.15 ಕೆಳಗಿದೆ. ಸ್ಟೆಡಿ ಸಿಗಲೇ ಇಲ್ಲ. ಚೇಂಜ್ ಗೇರ್ ಸಿಕ್ಕಿತು, ಆದ್ರೆ ಇಂಚ್ ಲೀಡ್ ಸ್ಕ್ರೂನಲ್ಲಿ ಎಂಎಂ ಥ್ರೆಡ್ ಹಾಕೋಕೆ ಬೇಕಾದ 127 ಹಲ್ಲಿನದು ಇಲ್ಲ. ಇದನ್ನೆಲ್ಲ ಅವರೆದುರೇ ಬರೆದುಕೊಂಡೆ. ಕೊಸರಾಡಿ 78 ಸಾವಿರಕ್ಕೆ ಬಂದಿದ್ದಾರೆ, ಜೊತೆಗೆ ಒಂದು ಡಬ್ಬ ಮಿರಾಂಡಾ ಬಿಟ್ (ಕಟಿಂಗ್ ಟೂಲ್).

ಹರಿಹರದ_ಟರ್ನರ್

0.06 ಗುಣಿಸು 165, ಭಾಗಿಸು 240. ಸುಮಾರು 0.04. ಡಯಾದಲ್ಲಿ 0.08, ಅದೂ 300 ಎಂಎಂ ಉದ್ದಕ್ಕೆ. ನಿಮ್ಮ ಬುಷ್ ಉದ್ದ 40 ಅನ್ನಿ. ಸವೆತ ಹದವಾಗಿ ಹರಡಿದ್ರೆ ಅಷ್ಟರೊಳಗೆ 10 ಮೈಕ್ರಾನ್ ಆಸುಪಾಸು. 20 ಎಂಎಂ ರಂಧ್ರಕ್ಕೆ ಎಚ್7 ಫಿಟ್ಟಿಂಗ್ (ರಂಧ್ರದ ಅಳತೆಗೆ ಬಿಡೋ ಸ್ಟ್ಯಾಂಡರ್ಡ್ ವ್ಯತ್ಯಾಸ) ಅಂದ್ರೇನೇ 21 ಮೈಕ್ರಾನ್ ಜಾಗ ಇದೆ. ಗ್ರೈಂಡಿಂಗ್ ದುಡ್ಡು ಬ್ಯಾಂಕಲ್ಲಿಡಿ. ತಗೊಳ್ಳಿ ಮಷಿನ್.

ಟೇಲ್‌ಸ್ಟಾಕ್ ತಳ ಮತ್ತು ಮೇಲ್ಭಾಗ ಎರಡು ತುಂಡು. ನಡುವೆ ಶಿಮ್ (ತೆಳು ತಗಡು) ಹಾಕಿ. 0.15 ಬದಲು 0.17 ಎತ್ತರಿಸಿ, ಮುಂದೆ ಸವೆಯೋಕೆ ಜಾಗ ಇರುತ್ತೆ.

ಉದ್ಯಮಬಾಗ್

ಲೆಕ್ಕ ಸರಿ ಐತಿ. 0.06 ಅಂದ್ರ ನಾನೂ ಗ್ರೈಂಡಿಂಗ್ ಹೇಳಂಗಿಲ್ಲ. ಉಗುರಿಗೆ ಸಿಗೋ ಮೆಟ್ಟಿಲು ನೋಡಿ ನಾನು 0.2 ಇರಬೇಕು ಅನ್ಕೊಂಡಿದ್ದೆ. ಆದ್ರ 500 ಎಂಎಂ ಶಾಫ್ಟ್ ಹಿಡಿದಾಗ ನೆನಪಿರ್ಲಿ, ಅಲ್ಲಿ ಟೇಪರ್ ಬರ್ತೈತಿ.

ಸ್ಯಾಡಲ್ ಗಿಬ್ (ಸಡಿಲ ತೆಗೆಯೋ ಪಟ್ಟಿ) ಟೈಟ್ ಮಾಡುವಾಗ ಚಕ್ ಹತ್ರ ಇಟ್ಟು ಮಾಡಬ್ಯಾಡ್ರಿ. ಅಲ್ಲಿ ಸರಿ ಮಾಡಿದ್ರ ಟೇಲ್‌ಸ್ಟಾಕ್ ಕಡೆ ಹೋಗಿ ಹಿಡ್ಕೊಂಡು ನಿಲ್ತೈತಿ.

ವೈಂಡಿಂಗ್_ಅಂಗಡಿ

ಮೋಟರ್ ವಿಷಯ ಯಾರೂ ಮಾತಾಡ್ಲೇ ಇಲ್ವಲ್ಲ!

ಸಿಂಗಲ್ ಫೇಸಿಗೆ ಎರಡು ದಾರಿ. 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಹಾಕೋದು ಒಂದು. ಸುಲಭ, ಆದ್ರೆ ಕೆಲಸದ ಮೇಲೆ ಸಣ್ಣ ನಡುಕದ ಗುರುತು ಬೀಳಬಹುದು, ರಿವರ್ಸ್ ಕೊಡೋದೂ ರಗಳೆ. ಇನ್ನೊಂದು ವಿಎಫ್‌ಡಿ, ಅಂದ್ರೆ ಮೋಟರ್ ವೇಗ ಬದಲಾಯಿಸೋ ಎಲೆಕ್ಟ್ರಾನಿಕ್ ಡ್ರೈವ್. ಸಿಂಗಲ್ ಫೇಸ್ 230 ಒಳಗೆ, ತ್ರೀ ಫೇಸ್ 230 ಹೊರಗೆ. ಇಲ್ಲೇ ಜನ ಎಡವೋದು: ಹೊರಗೆ ಬರೋದು 415 ಅಲ್ಲ, 230. ನಿಮ್ಮ 2 ಎಚ್‌ಪಿ ಮೋಟರ್ 415ಕ್ಕೆ ಸ್ಟಾರ್ ಕನೆಕ್ಷನ್ನಲ್ಲಿ ಇರೋ ಸಾಧ್ಯತೆ ಜಾಸ್ತಿ. ಅದನ್ನ ಡೆಲ್ಟಾಗೆ ಬದಲಾಯಿಸಿದ್ರೆ 230ರಲ್ಲಿ ಪೂರ್ತಿ ಶಕ್ತಿ ಕೊಡುತ್ತೆ. ಟರ್ಮಿನಲ್ ಬಾಕ್ಸ್ ತೆಗೆದು ನೋಡಿ. ಆರು ವೈರ್ ಬಂದಿದ್ರೆ ಪಟ್ಟಿ ಬದಲಾಯಿಸೋ ಕೆಲಸ ಅಷ್ಟೇ. ಮೂರೇ ಇದ್ರೆ ಸ್ಟಾರ್ ಗಂಟು ವೈಂಡಿಂಗ್ ಒಳಗಿದೆ. ಒಳ್ಳೆ ವೈಂಡರ್ ಅದನ್ನ ಬಿಡಿಸಿ ಇನ್ನು ಮೂರು ವೈರ್ ಹೊರಗೆ ತಂದುಕೊಡ್ತಾರೆ. ಅದಕ್ಕೂ ಮೊದಲು ಮೆಗ್ಗರ್ ಹಾಕಿ ಇನ್ಸುಲೇಷನ್ ನೋಡಿಸಿ. ಹಳೇ ವಾರ್ನಿಷ್ ಹೋಗಿದ್ರೆ ವಿಎಫ್‌ಡಿ ಕೊಡೋ ಏಟು ತಡೆಯಲ್ಲ.

1.5 ಕಿಲೋವ್ಯಾಟ್ ವಿಎಫ್‌ಡಿ ಸಿಂಗಲ್ ಫೇಸಿಂದ 15 ಆಂಪ್ ಹತ್ರ ಎಳೆಯುತ್ತೆ. ಮನೆಯ ಸಾಮಾನ್ಯ ಸಾಕೆಟ್‌ಗೆ ಚುಚ್ಚಬೇಡಿ. ಬೋರ್ಡಿಂದ ಬೇರೆ ಲೈನ್, ಬೇರೆ ಎಂಸಿಬಿ, ಗಟ್ಟಿ ಅರ್ಥಿಂಗ್. ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಬೀಳೋ ಸ್ವಿಚ್) ಸುಮ್ಸುಮ್ನೆ ಬಿದ್ರೆ ಅದನ್ನ ತೆಗೆದುಹಾಕೋಕೆ ಹೋಗಬೇಡಿ, ವಿಎಫ್‌ಡಿಗೆ ಹೊಂದೋ ತರದ್ದು ಹಾಕಿಸಿ. ಲೇತಿನ ಹಳೇ ಫಾರ್ವರ್ಡ್-ರಿವರ್ಸ್ ಸ್ವಿಚ್ಚನ್ನ ವಿಎಫ್‌ಡಿ ಮತ್ತು ಮೋಟರ್ ನಡುವೆ ಬಿಡಬೇಡಿ. ಓಡುವಾಗ ಅದನ್ನ ತಿರುಗಿಸಿದ್ರೆ ಡ್ರೈವ್ ಸುಟ್ಟುಹೋಗಬಹುದು. ಅದೇ ಸ್ವಿಚ್ಚನ್ನ ಕಂಟ್ರೋಲ್ ವೈರಿಗೆ ಬಳಸಿ.

ಹರಿಹರದ_ಟರ್ನರ್

ಇದಕ್ಕೆ ಒಂದು ಸೇರಿಸ್ತೀನಿ, ತುಂಬಾ ಮುಖ್ಯ. ಇವರ ಸ್ಪಿಂಡಲ್ ಮೂತಿ ಥ್ರೆಡ್ಡಿಂದು. ವಿಎಫ್‌ಡಿಯಲ್ಲಿ ಬ್ರೇಕ್ ಸಮಯ ಅರ್ಧ ಸೆಕೆಂಡಿಗೆ ಇಟ್ರೆ ಸ್ಪಿಂಡಲ್ ನಿಲ್ಲುತ್ತೆ, ಚಕ್ ನಿಲ್ಲಲ್ಲ. ಬಿಚ್ಕೊಂಡು ಬರುತ್ತೆ. ನಾಲ್ಕು ಜಾ ಚಕ್ ಕಾಲ ಮೇಲೆ ಬಿದ್ರೆ ಆ ಕಾಲಿನ ಕಥೆ ಮುಗೀತು. ನಿಲ್ಲೋಕೆ ನಾಲ್ಕೈದು ಸೆಕೆಂಡ್ ಕೊಡಿ. ರಿವರ್ಸಲ್ಲಿ ಕಟಿಂಗ್ ಮಾಡಲೇಬೇಡಿ. ಮತ್ತೆ ಮನೆ ಅಂತ ಪಂಚೆ ಉಟ್ಕೊಂಡು, ಶಲ್ಯ ಹಾಕ್ಕೊಂಡು ಲೇತ್ ಮುಂದೆ ನಿಲ್ಲೋ ಜನರನ್ನ ನೋಡಿದೀನಿ. ಕೈಗೆ ಗ್ಲೌಸೂ ಬೇಡ.

ಯೆಜ್ಡಿ_ಮೈಸೂರು

ಅಡ್ವಾನ್ಸ್ ಕೊಟ್ಟೆ. ಸಾಗಿಸೋದು ಹೇಗೆ? ಛೋಟಾ ಹಾಥಿಯಲ್ಲಿ ಆಗುತ್ತಾ?

ಉದ್ಯಮಬಾಗ್

ಆಗಂಗಿಲ್ಲ. ತೂಕಕ್ಕಿಂತ ದೊಡ್ಡ ತೊಂದರಿ ಅಂದ್ರ ಲೇತಿನ ಭಾರ ಎಲ್ಲಾ ಹೆಡ್‌ಸ್ಟಾಕ್ (ಸ್ಪಿಂಡಲ್, ಗೇರ್ ಇರೋ ತುದಿ) ಕಡೆ ಮತ್ತ ಮ್ಯಾಲೆ ಇರ್ತೈತಿ. ತಿರುವಿನಾಗ ಉರುಳ್ತೈತಿ. ದೊಡ್ಡ ಗಾಡಿ ತರಿಸ್ರಿ, ಎತ್ತಾಕ ಹೈಡ್ರಾ ಕ್ರೇನ್. ಬೆಲ್ಟ್ ಹಾಕೋದು ಬೆಡ್ಡಿನ ಕೆಳಗೆ, ಅಡ್ಡಪಟ್ಟಿ ಹತ್ರ. ಲೀಡ್ ಸ್ಕ್ರೂಗೆ, ಫೀಡ್ ರಾಡಿಗೆ ಬೆಲ್ಟ್ ತಾಗಬಾರ್ದು, ನಡುವೆ ಮರದ ತುಂಡು ಕೊಡ್ರಿ. ಕ್ಯಾರೇಜ್, ಟೇಲ್‌ಸ್ಟಾಕ್ ಬಲಕ್ಕ ಸರಿಸಿ ತೂಕ ಸಮ ಮಾಡಿ ಲಾಕ್ ಮಾಡ್ರಿ.

ಮನಿ ಗೇಟಿಂದ ಒಳಗ ಹೋಗಾಕ ಮೂರು ಪೈಪು, ಎರಡು ಹಾರೆ ಸಾಕು. ಜನ ಜಾಸ್ತಿ ಬ್ಯಾಡ. ಹೇಳೋರು ಒಬ್ರೇ ಇರ್ಬೇಕು.

ಯೆಜ್ಡಿ_ಮೈಸೂರು

ಬಂತು! ಶೆಡ್ಡಲ್ಲಿ ಕೂತಿದೆ. ಅಮ್ಮ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ರು. ಈಗ ಕ್ಲೀನಿಂಗ್. ಜಿಡ್ಡು, ಚಿಪ್ಸ್ ಸೇರಿ ಡಾಂಬರಿನ ಹಾಗೆ ಗಟ್ಟಿಯಾಗಿದೆ. ಹೊರಗಡೆ ಅಲ್ಲಲ್ಲಿ ತುಕ್ಕು. ಬೆಡ್‌ಗೆ ಎಮರಿ ಪೇಪರ್ ಹಾಕ್ಬಹುದಾ?

ಹರಿಹರದ_ಟರ್ನರ್

ಬೆಡ್‌ಗೆ ಎಮರಿ ಬೇಡವೇ ಬೇಡ. ಅದರ ಪುಡಿ ಎರಕದೊಳಗೆ ಕೂತು, ಸ್ಯಾಡಲ್ ಓಡಿದಷ್ಟೂ ತಿನ್ನುತ್ತೆ. ಸೀಮೆಎಣ್ಣೆ ಅಥವಾ ಡೀಸೆಲ್, ಬ್ರಷ್ಷು, ಪ್ಲಾಸ್ಟಿಕ್ ಸ್ಕ್ರೇಪರ್. ಮೊಂಡು ತುಕ್ಕಿಗೆ ಎಣ್ಣೆ ಹಾಕಿ ಹದವಾದ ಸ್ಕಾಚ್‌ಬ್ರೈಟ್, ಅದೂ ಉದ್ದಕ್ಕೆ. ಆಮೇಲೆ ಪೂರ್ತಿ ಒರೆಸಿ. ಏರ್ ಹೊಡೀಬೇಡಿ, ಚಿಪ್ಸ್ ಎಲ್ಲಾ ಸ್ಯಾಡಲ್ ಕೆಳಗೆ ಹೋಗಿ ಸೇರುತ್ತೆ. ಸ್ಯಾಡಲ್ಲಿನ ಎರಡೂ ತುದಿಯ ಫೆಲ್ಟ್ ವೈಪರ್ ಕಿತ್ತು ಹೊಸದು ಹಾಕಿ. ಹಳೇದು ಕಲ್ಲಾಗಿರುತ್ತೆ.

ಹೆಡ್‌ಸ್ಟಾಕ್ ಎಣ್ಣೆ ಪೂರ್ತಿ ಇಳಿಸಿ, ತೊಳೆದು, ಸರ್ವೋ ಸಿಸ್ಟಮ್ 68 ತುಂಬಿ. ಬೆಡ್ಡಿಗೆ ಸರ್ವೋವೇ 68, ಅದು ಅಂಟಿಕೊಂಡಿರುತ್ತೆ. ಇಂಜಿನ್ ಆಯಿಲ್ ಮಿಕ್ಕಿದೆ ಅಂತ ಸುರೀಬೇಡಿ.

ಕಡಲತೀರ

ತುಕ್ಕಿನ ವಿಷಯ ಬಂತಲ್ಲ, ಇನ್ನು ನಾನು ಮಾತಾಡ್ಬಹುದು.

ಚೇಂಜ್ ಗೇರು, ಹ್ಯಾಂಡಲ್, ಬೋಲ್ಟು ಇಂಥ ಬಿಡಿ ಸಾಮಾನಿಗೆ ಕರೆಂಟ್ ಬಿಡುವ ದಾರಿ ಒಳ್ಳೇದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ವಾಷಿಂಗ್ ಸೋಡಾ. ತುಕ್ಕು ಹಿಡಿದ ಸಾಮಾನಿಗೆ ಬ್ಯಾಟರಿ ಚಾರ್ಜರಿನ ನೆಗೆಟಿವ್, ಹಳೇ ಕಬ್ಬಿಣದ ತುಂಡಿಗೆ ಪಾಸಿಟಿವ್. ಎರಡೂ ಮುಟ್ಟಬಾರದು. ರಾತ್ರಿ ಬಿಟ್ರೆ ಬೆಳಿಗ್ಗೆ ಕಪ್ಪು ಪುಡಿ ಬ್ರಷ್ಷಿಗೆ ಬರುತ್ತದೆ. ಪಾಸಿಟಿವ್ ಕಡೆ ಸ್ಟೀಲ್ ತಟ್ಟೆ ಹಾಕುವವರು ಇದ್ದಾರೆ, ಹಾಕಬೇಡಿ. ಸ್ಟೇನ್‌ಲೆಸ್ಸಿನಿಂದ ವಿಷದ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಏಳುತ್ತದೆ, ಹಾಗಾಗಿ ಅಂಗಳದಲ್ಲಿ ಮಾಡಿ. ಅಲ್ಯೂಮಿನಿಯಂ, ಹಿತ್ತಾಳೆ ಸಾಮಾನು ಇದಕ್ಕೆ ಬೇಡ. ಹಿತ್ತಾಳೆ ಪ್ಲೇಟಿಗೆ ಹುಣಸೆಹುಳಿಯೇ ಸಾಕು, ಅಕ್ಷರದ ಬಣ್ಣ ಹೋಗದ ಹಾಗೆ ಮೆಲ್ಲಗೆ ತಿಕ್ಕಿ.

ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಗ್ರೈಂಡರ್ ಹಾಕಿ ಧೂಳೆಬ್ಬಿಸಬೇಡಿ, ಮನೆಯಲ್ಲಿ ಮಕ್ಕಳಿದ್ದರೆ ಮೊದಲೇ ಬೇಡ. ಪೇಂಟ್ ರಿಮೂವರ್ ಹಾಕಿ ಒದ್ದೆಯಲ್ಲೇ ಕೆರೆಯಿರಿ. ಕೆಳಗೆ ದಪ್ಪ ಲಪ್ಪ (ಪುಟ್ಟಿ) ಸಿಕ್ಕಿದರೆ ಹೆದರಬೇಡಿ, ಎರಕದ ಗುಳಿ ಮುಚ್ಚಲು ಫ್ಯಾಕ್ಟರಿಯವರೇ ಹಾಕಿರುವುದು.

ಡರ್ಬಿ_ಕನ್ನಡಿಗ

ಇಂಗ್ಲೆಂಡಿಂದ ಒಂದು ಮಾತು. ಇಲ್ಲಿ ಮನೆ ವರ್ಕ್‌ಶಾಪ್ ಅಂದ್ರೆ ಮೈಫೋರ್ಡ್ ಎಂಎಲ್7, 1946ರಲ್ಲಿ ಬಂದ ಮಾಡೆಲ್. ನಂದೂ ಅದೇ. ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್ನಲ್ಲಿ ಆಗ್ತಿತ್ತು. ಮೈಫೋರ್ಡಿಗೆ ಬಿಡಿ ಭಾಗ ಈಗಲೂ ಸಿಗುತ್ತೆ, ಅದೊಂದೇ ನಮ್ಮ ಅದೃಷ್ಟ. ಸೆಂಟರ್ ಹೈಟ್ ಮೂರೂವರೆ ಇಂಚು ಅಷ್ಟೇ, ನಿಮ್ಮದರ ಅರ್ಧದ ಹತ್ರ.

ನಿಮ್ಮ 127ರ ಗೇರ್ ಬಗ್ಗೆ: 5 ಇಂಚಿಗೆ 127 ಎಂಎಂ, ಅದಕ್ಕೇ ಆ ಸಂಖ್ಯೆ. ಆದ್ರೆ ಅದರ ಬದಲು 63 ಹಲ್ಲಿನದೂ ನಡೆಯುತ್ತೆ. 100ಕ್ಕೆ 127ರ ಜೋಡಿ ಬದಲು 63ಕ್ಕೆ 80ರ ಜೋಡಿ. ವ್ಯತ್ಯಾಸ 8000ಕ್ಕೆ 1. ಅಂದ್ರೆ 100 ಎಂಎಂ ಉದ್ದದ ಥ್ರೆಡ್ಡಲ್ಲಿ ಸುಮಾರು 12 ಮೈಕ್ರಾನ್. ಬೈಕಿನ ನಟ್ಟಿಗೆ ಗೊತ್ತೂ ಆಗಲ್ಲ.

ನಾಲ್ಕುಜಾ

63ಕ್ಕೆ ನನ್ನದೂ ಓಟು. ಇನ್ನೊಂದು ಕಾರಣ ಇದೆ. 127 ಅವಿಭಾಜ್ಯ ಸಂಖ್ಯೆ. ಮಿಲ್ಲಿಂಗಲ್ಲಿ ಸಾದಾ ಡಿವೈಡಿಂಗ್ ಹೆಡ್ (ಸುತ್ತನ್ನ ಸಮ ಭಾಗ ಮಾಡೋ ಸಾಧನ) ಹಾಕಿ ಕೊರೆಯೋಕಾಗಲ್ಲ, ಡಿಫರೆನ್ಷಿಯಲ್ ಸೆಟ್ಟಿಂಗ್ ಬೇಕು, ಇಲ್ಲ ಹಾಬಿಂಗ್ ಮಷಿನ್ ಬೇಕು. ಸೈಜೂ ದೊಡ್ಡದು. ಮೊದಲು ನಿಮ್ಮ ಗೇರಿನ ಡಿಪಿ (ಹಲ್ಲಿನ ಸೈಜು ಹೇಳೋ ಸಂಖ್ಯೆ) ಎಷ್ಟು ಅಂತ ನೋಡಿ: ಹಲ್ಲಿನ ಸಂಖ್ಯೆಗೆ 2 ಸೇರಿಸಿ, ಹೊರ ಡಯಾ ಇಂಚಲ್ಲಿ ಅಳೆದು ಭಾಗಿಸಿ. 40 ಹಲ್ಲಿನ ಗೇರ್ 3 ಇಂಚು ಇದ್ರೆ 14 ಡಿಪಿ. ಹಾಗಿದ್ರೆ 127 ಹಲ್ಲಿನದು 9 ಇಂಚು ದಾಟುತ್ತೆ, ಗೇರ್ ಕವರ್ ಮುಚ್ಚುತ್ತಾ ಅಂತ ನೋಡ್ಕೊಳ್ಳಿ. 63 ಆದ್ರೆ ನಾಲ್ಕೂಮುಕ್ಕಾಲು ಇಂಚಿನೊಳಗೆ ಕೂರುತ್ತೆ.

ಇಂಚ್ ಲೀಡ್ ಸ್ಕ್ರೂನಲ್ಲಿ ಎಂಎಂ ಥ್ರೆಡ್ ಹಾಕುವಾಗ ಹಾಫ್ ನಟ್ ಬಿಚ್ಚಬೇಡಿ. ಟೂಲ್ ಹಿಂದೆ ತೆಗೆದು, ಮೋಟರ್ ರಿವರ್ಸ್ ಹಾಕಿ ಕ್ಯಾರೇಜ್ ವಾಪಸ್ ತನ್ನಿ. ನಿಧಾನಕ್ಕೆ, ಯಾಕೆ ಅಂತ ಮೇಲೆ ಹೇಳಿದ್ದಾರೆ.

ಯೆಜ್ಡಿ_ಮೈಸೂರು

ಮೋಟರಲ್ಲಿ ಮೂರೇ ವೈರ್ ಇತ್ತು, ಬಿಡಿಸಿ ಆರು ಮಾಡಿಸಿದೆ. ವಿಎಫ್‌ಡಿ ಓಡ್ತಾ ಇದೆ. ಟೇಲ್‌ಸ್ಟಾಕ್ ಶಿಮ್ ಆಯ್ತು. ಹೊಸ ಕ್ರಾಸ್ ಸ್ಲೈಡ್ ನಟ್ ಗನ್‌ಮೆಟಲ್ಲಲ್ಲಿ ಮಾಡ್ಸಿದೀನಿ. ಲೆವೆಲ್ ಬಾಟಲಿ ಸ್ನೇಹಿತರೊಬ್ಬರು ಕೊಟ್ಟಿದ್ರು, 0.02 ಒಂದು ಮೀಟರಿಗೆ ತೋರ್ಸೋ ತರದ್ದು. ಎರಡೂ ತುದಿ ಸಮ ಮಾಡಿದೆ.

ಆದ್ರೂ ಟೆಸ್ಟ್ ಮಾಡಿದಾಗ ಟೇಪರ್ ಇದೆ. 50 ಎಂಎಂ ರಾಡು, ಚಕ್ಕಿಂದ 150 ಹೊರಗೆ, ಟೇಲ್‌ಸ್ಟಾಕ್ ಇಲ್ದೆ. ಎರಡು ಕಾಲರ್ (ಉಂಗುರದಂಥ ಉಬ್ಬು) ಬಿಟ್ಟು ನಡುವೆ ತೆಗ್ದು, ಎರಡನ್ನೂ ಒಂದೇ ಕಟ್ಟಲ್ಲಿ ಸಣ್ಣಗೆ ಹೊಡೆದೆ. ಹೊರಗಿನ ಕಾಲರ್ 0.05 ದಪ್ಪ. ಬೆಡ್ ಸವೆತದ್ದಾ ಇದು?

ಹರಿಹರದ_ಟರ್ನರ್

ಅಲ್ಲ. ಸವೆತದ ಟೇಪರ್ ಉಲ್ಟಾ ಬರಬೇಕು. ಚಕ್ ಹತ್ರ ಸ್ಯಾಡಲ್ ನಿಮ್ಮ ಕಡೆ ವಾಲಿದೆ, ಹಾಗಾಗಿ ಚಕ್ ಹತ್ರದ ಕಾಲರ್ ದಪ್ಪ ಇರಬೇಕಿತ್ತು. ನಿಮಗೆ ಹೊರಗಿನದು ದಪ್ಪ. ಅಂದ್ರೆ ಬೆಡ್ ತಿರುಚಿದೆ, ಇಲ್ಲಾ ರಾಡು ಬಾಗ್ತಾ ಇದೆ. ಮೊದಲು ಟೂಲ್ ಚೂಪಾಗಿ ಸಾಣೆ ಹಿಡಿದು ಇನ್ನೂ ಸಣ್ಣ ಕಟ್ ತಗೊಳ್ಳಿ, ವಿಡಿಯಾ (ಕಾರ್ಬೈಡ್) ಟೂಲ್ ಬೇಡ, ಆ ಮಿರಾಂಡಾ ಬಿಟ್ ಹಾಕಿ. ಆಗಲೂ ಹಾಗೇ ಇದ್ರೆ ಟೇಲ್‌ಸ್ಟಾಕ್ ಕಡೆಯ ಕಾಲಲ್ಲಿ ಮುಂದಿನದನ್ನ, ಅಂದ್ರೆ ನೀವು ನಿಂತಿರೋ ಕಡೆಯದನ್ನ, ಸ್ವಲ್ಪ ಎತ್ತರಿಸಿ. ಬೆಡ್ ಆ ತುದೀಲಿ ಹಿಂದಕ್ಕೆ ವಾಲುತ್ತೆ, ಟೂಲ್ ಜಾಬ್ ಕಡೆ ಹೋಗುತ್ತೆ, ಹೊರಗಿನ ಕಾಲರ್ ಸಣ್ಣ ಆಗುತ್ತೆ. ಬೋಲ್ಟ್ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಮತ್ತೆ ಕಟ್, ಮತ್ತೆ ಅಳತೆ. ಇಲ್ಲಿ ಲೆವೆಲ್ ಬಾಟಲಿಗಿಂತ ಕಾಲರ್ ಹೇಳಿದ್ದೇ ಕೊನೇ ಮಾತು.

ಯೆಜ್ಡಿ_ಮೈಸೂರು

ಟೂಲ್ ಸಾಣೆ ಹಿಡಿದಾಗಲೇ 0.03ಕ್ಕೆ ಬಂತು. ಕಾಲು ಎತ್ತರಿಸಿ ಈಗ 0.01. ಸ್ವಿಂಗ್ ಆರ್ಮ್ ಬುಷ್ ಫಾಸ್ಫರ್ ಬ್ರಾಂಜಲ್ಲಿ ಮಾಡಿ ಹಾಕಿದೆ, ಪ್ರೆಸ್ಸಲ್ಲಿ ಸರಿಯಾಗಿ ಕೂತಿದೆ. @ಉದ್ಯಮಬಾಗ್ ಅಣ್ಣ, ಸ್ಟೆಡಿ ಒಂದು ಬಾಕಿ ಉಳೀತು. ಬೇರೆ ಲೇತಿಂದು ಹಾಕ್ಬಹುದಾ?

ಉದ್ಯಮಬಾಗ್

ಹಾಕಬಹುದು, ನಿಮ್ಮ 165ಕ್ಕಿಂತ ಸೆಂಟರ್ ಹೈಟ್ ಕಡಿಮಿ ಇರೋ ಮಷಿನ್ನಿಂದಾದ್ರ. ಕೆಳಗೆ ಪ್ಯಾಕಿಂಗ್ ಪ್ಲೇಟ್ ಕೊಟ್ಟು ಎತ್ತರಿಸಬಹುದು. ದೊಡ್ಡದು ತಂದ್ರ ತಳ ಕೊರೆಯೋ ಕೆಲಸ ಬೀಳ್ತೈತಿ. ಒಳಗಿನ ವಿ ಕೋನ, ಹಳಿಗಳ ಅಂತರ ಅಳೆದು ಫೋಟೋ ಹಾಕ್ರಿ. ನನ್ನ ಅಂಗಡ್ಯಾಗ ಒಂದು ಬಿದ್ದೈತಿ, ಹೊಂದಿದ್ರ ಗುಜರಿ ರೇಟಿಗೆ ಕೊಡ್ತೀನಿ.